ಮೊರೆಗಂಡಿಯ ಕೊನೆಯ ಪೆಟ್ಟು

ನಮ್ಮೂರಿನಲ್ಲಿ ಯಾರೂ ಹಾಡನ್ನು ಪೂರ್ತಿ ಮುಗಿಸುವುದಿಲ್ಲ. ಜೋಗುಳ ಹಾಡುವ ತಾಯಂದಿರು ಕೊನೆಯ ಸಾಲು ಬರುತ್ತಿದ್ದಂತೆ ಬಾಯಿ ಮುಚ್ಚಿಕೊಂಡು ತೊಟ್ಟಿಲನ್ನಷ್ಟೇ ತೂಗುತ್ತಾರೆ. ಓಲಗದವರು ಒಂದು ಹಾಡಿನ ತುದಿಗೆ ಬಂದು ಅಲ್ಲಿಂದ ಸರಕ್ಕನೆ ಇನ್ನೊಂದಕ್ಕೆ ಜಿಗಿಯುತ್ತಾರೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ಶಿಳ್ಳೆ ಹಾಕುತ್ತಾ ಇದ್ದವನು ತಟ್ಟನೆ ನಿಲ್ಲಿಸಿ, "ಸಕ್ಕರೆ ಎಷ್ಟು?" ಎನ್ನುತ್ತಾನೆ. ಪರವೂರಿನಿಂದ ಸೊಸೆಯಾಗಿ ಬಂದವರಿಗೆ ಮೊದಮೊದಲು ಸೀನು ಬಂದು ನಿಂತುಹೋದ ಹಾಗೆ ಕಸಿವಿಸಿಯಾಗುತ್ತದಂತೆ. ಒಂದೆರಡು ಮಳೆಗಾಲ ಕಳೆದರೆ ಅವರೂ ಹಾಗೆಯೇ ಹಾಡತೊಡಗುತ್ತಾರೆ.

ಕಾರಣ ಇಷ್ಟೇ. ಒಂದು ಜಾಗದ ಸದ್ದನ್ನು ಕೇಳಿ ಕಟ್ಟಿದ ಸಂಗೀತವನ್ನು ಕೊನೆಯ ಸ್ವರದವರೆಗೂ ನುಡಿಸಿದರೆ, ಆ ಸದ್ದು ಜಾಗವನ್ನು ಬಿಟ್ಟು ಸಂಗೀತದೊಳಗೆ ಹೋಗಿಬಿಡುತ್ತದೆ. ಮತ್ತೆ ಮರಳುವುದಿಲ್ಲ. ಊರಿನ ಮೇಲುಗಡೆಯ ಜಲಪಾತ ನನ್ನ ಅಜ್ಜನ ಕಾಲದಿಂದಲೂ ಸದ್ದಿಲ್ಲದೆ ಬೀಳುತ್ತಿದೆ. ಪೂರ್ವದ ಗುಡ್ಡದ ಮೇಲೆ ಮಿಂಚುತ್ತದೆ, ಗುಡುಗುವುದಿಲ್ಲ. ಹಾಗಾಗಿ ಹಪ್ಪಳ ಸಂಡಿಗೆ ಒಣಹಾಕಿದ ಹೆಂಗಸರು ಆಕಾಶದ ಜೊತೆಗೆ ಕೋಳಿಗಳ ಮೇಲೂ ಒಂದು ಕಣ್ಣಿಟ್ಟಿರುತ್ತಾರೆ. ಕೋಳಿ ಗೂಡಿನ ಕಡೆ ನಡೆದರೆ ಚಾಪೆ ಸುತ್ತುತ್ತಾರೆ. ಬಿದಿರು ಮೆಳೆಯಲ್ಲಿ ಎಂಥ ಗಾಳಿ ಬೀಸಿದರೂ ಎಲೆ ಸದ್ದು ಮಾಡುವುದಿಲ್ಲ. ಹತ್ತಿರ ಬಂದ ಪ್ರಾಣಿಯ ಸುಳಿವೂ ಸಿಗುವುದಿಲ್ಲವೆಂದು ಸೌದೆಗೆ ಹೋಗುವವರು ತಗಡು ಬಡಿಯುತ್ತಾ ಹೋಗುತ್ತಾರೆ. ಒಮ್ಮೆ ಪರವೂರಿನ ಮದುವಣಿಗನೊಬ್ಬ ಕೆರೆ ಏರಿಯ ಮೇಲೆ ಕೂತು, ಕಪ್ಪೆಗಳ ವಟವಟಕ್ಕೆ ಒಂದು ಹಾಡು ಹೊಸೆದು, ಹೆಂಡತಿಯನ್ನು ನಗಿಸಲು ಕೊನೆಯವರೆಗೂ ಹಾಡಿಬಿಟ್ಟ. ಈಗಲೂ ಆ ಕೆರೆಯ ಕಪ್ಪೆಗಳು ಗಂಟಲು ಉಬ್ಬಿಸುತ್ತವೆ, ಅಷ್ಟೆ. ಆ ಅಳಿಯನನ್ನು ಊರವರು ಇವತ್ತಿಗೂ ಕಪ್ಪೆರಾಯ ಎಂದೇ ಕರೆಯುವುದು.

ಹಾಗೆಂದು ನಾವು ಸಂಗೀತವನ್ನು ಬಿಟ್ಟವರಲ್ಲ. ಊರ ನಡುವೆ ಕಲ್ಲಿನ ದೊಡ್ಡ ಸಂಗೀತಶಾಲೆ ಇದೆ, ಅದರಲ್ಲಿ ಅರವತ್ತು ಜನರ ವಾದ್ಯವೃಂದ ಇದೆ. ಪಿಟೀಲು, ದೊಡ್ಡ ಪಿಟೀಲಿನಂಥ ಚೆಲ್ಲೊ, ಕೊಳಲು, ಹಿತ್ತಾಳೆಯ ಕೊಂಬುಗಳು, ಎಲ್ಲಾ ಇವೆ. ಜಲಪಾತ ಬೇಕೆಂದವರು ಜಲಪಾತಕ್ಕೆ ಹೋಗುವುದಿಲ್ಲ, ಶಾಲೆಗೆ ಬರುತ್ತಾರೆ. ಪಿಟೀಲುಗಳು ಮೇಲಿನಿಂದ ಇಳಿಯಲು ಶುರುಮಾಡಿದರೆ ಮುಂದಿನ ಸಾಲಿನವರು ನೀರು ಸಿಡಿಯಿತೆಂದು ಮುಖ ಒರೆಸಿಕೊಳ್ಳುತ್ತಾರೆ. ನಡೆಯಲಾಗದ ಮುದುಕರು ಕೂತಲ್ಲೇ ಗುಡುಗು ಕೇಳಿ ಅಳುತ್ತಾರೆ. ಕಾಡಿನಲ್ಲಿ ಯಾರಿಗೂ ಬೇಡವಾಗಿ ಹಾಳಾಗುತ್ತಿದ್ದುದನ್ನು ತಂದು ಜೋಪಾನ ಮಾಡಿದ್ದೇವೆ ಎಂದು ನಮ್ಮವರಿಗೆ ಒಳಗೊಳಗೇ ಹೆಮ್ಮೆ. ನನಗೂ ಇತ್ತು.

ನಾನು ಹೊನ್ನಕ್ಕ. ವಾದ್ಯವೃಂದದಲ್ಲಿ ಭೇರಿ ಬಾರಿಸುವವಳು. ಎಲ್ಲರ ಹಿಂದೆ, ಎತ್ತರದ ಮೆಟ್ಟಿಲ ಮೇಲೆ, ಎರಡು ತಾಮ್ರದ ಭೇರಿಗಳ ನಡುವೆ ನಿಲ್ಲುತ್ತೇನೆ. ಇಡೀ ಶಾಲೆಯನ್ನು ನಡುಗಿಸುವ ವಾದ್ಯ ಇಡೀ ಊರಿನ ಪುಕ್ಕಲಿಯ ಕೈಗೆ ಬಂದಿದೆ ಎಂದು ಜನ ನಗುತ್ತಾರೆ. ನಿಜವೇ. ಹಾಲು ಉಕ್ಕಿದರೆ ನನ್ನ ಎದೆ ಹಾರುತ್ತದೆ. ಬಾಗಿಲು ತಟ್ಟಿದವರು ನೆಂಟರು ಎಂದು ಗೊತ್ತಾಗುವಷ್ಟರಲ್ಲಿ ಹತ್ತು ಕೆಟ್ಟ ಸುದ್ದಿಗಳನ್ನು ಊಹಿಸಿ ಮುಗಿಸಿರುತ್ತೇನೆ. ಭೇರಿಯವಳ ಕೆಲಸದಲ್ಲಿ ಬಾರಿಸುವುದು ಕಡಿಮೆ, ಕಾಯುವುದು ಹೆಚ್ಚು. ಬಹುಶಃ ಅದಕ್ಕೇ ನನಗೆ ಈ ಕೆಲಸ ಒಗ್ಗಿತು.

ನನ್ನ ಭಯಕ್ಕೆಲ್ಲ ಮೂಲ ನನ್ನ ತಮ್ಮ ಜಡೆಯಪ್ಪ. ನಮ್ಮಪ್ಪ ಬಿಟ್ಟುಹೋದ ದೋಣಿಯನ್ನು ಅವನು ನಡೆಸುತ್ತಾನೆ. ಊರಿನ ಪಕ್ಕದಲ್ಲೇ ಹೊಳೆ. ದೋಣಿ ದಾಟುವ ಕಡವಿನ ಹತ್ತಿರ ಅದು ಅಗಲವಾಗಿ, ಸಾಧುವಾಗಿ ಹರಿಯುತ್ತದೆ. ಕೂಗಳತೆಯಷ್ಟು ಕೆಳಗೆ ಹೋದರೆ ಎರಡು ಕರಿಬಂಡೆಗಳ ನಡುವೆ ನುಗ್ಗಿ ಪಾತಾಳಕ್ಕೆ ಬೀಳುತ್ತದೆ. ಅದೇ ಮೊರೆಗಂಡಿ. ಅಲ್ಲಿಗೆ ಹೋದ ದೋಣಿ ಹಲಗೆಯಾಗಿಯೂ ಹಿಂದಿರುಗಿಲ್ಲ. ವರ್ಷದ ಮುಕ್ಕಾಲು ಪಾಲು ದಿನ, ಹೇಳದೆ ಕೇಳದೆ, ಆ ಕಂಡಿಯಿಂದ ಮಂಜು ಎದ್ದು ಕಡವನ್ನು ಮುಚ್ಚುತ್ತದೆ. ಆಗ ದೋಣಿಯ ಮೂತಿ ಕೂಡ ಕಾಣುವುದಿಲ್ಲ. ಜಡೆಯಪ್ಪ ಕಿವಿಯಿಂದ ದಾಟಿಸುತ್ತಾನೆ. ಹೋಗುವಾಗ ಕಂಡಿಯ ಮೊರೆತ ಬಲಗಿವಿಗಿರಬೇಕು, ಬರುವಾಗ ಎಡಗಿವಿಗೆ. ಸದ್ದು ಹತ್ತಿರವಾಯಿತು ಅನ್ನಿಸಿದರೆ ಮೇಲಕ್ಕೆ ಹುಟ್ಟು ಹಾಕಬೇಕು. ಇಷ್ಟೇ ವಿದ್ಯೆ. ಅಪ್ಪ ನಮ್ಮಿಬ್ಬರಿಗೂ ಅದನ್ನು ಹೇಳಿಕೊಟ್ಟಿದ್ದ, ನಾನು ಮಾತ್ರ ದೋಣಿ ಹತ್ತಲೇ ಇಲ್ಲ.

ಇಂಥದರಲ್ಲಿ ರುದ್ರಮೂರ್ತಿ ಮೇಷ್ಟ್ರು ನಮ್ಮೂರಿಗೆ ಬಂದರು. ಅವರು ಹೊಳೆಯಾಚೆಯ ಹಳ್ಳಿಯವರು. ಚಿಕ್ಕಂದಿನಲ್ಲೇ ದೂರದ ರಾಜಧಾನಿಗೆ ಹೋಗಿ ಸಂಗೀತ ಬರೆಯುವುದನ್ನು ಕಲಿತು, ಈಗ ನಮ್ಮ ವಾದ್ಯವೃಂದದ ಯಜಮಾನರಾಗಿ ಬಂದಿದ್ದರು. ಅವರ ತಾಯಿ ಹಾಲವ್ವ ಇನ್ನೂ ಆಚೆ ದಡದಲ್ಲೇ ಇದ್ದರು. ಮಗ ಎಷ್ಟು ಕರೆದರೂ ಈಚೆಗೆ ಬರಲೊಲ್ಲರು. ಗಂಡ ಹೊಳೆಪಾಲಾದ ಮೇಲೆ ಆಕೆ ದೋಣಿಗೆ ಕಾಲಿಟ್ಟವರಲ್ಲ. ಮಗನೇ ವಾರಕ್ಕೊಮ್ಮೆ ಜಡೆಯಪ್ಪನ ದೋಣಿಯಲ್ಲಿ ಹೋಗಿ, ರೊಟ್ಟಿ ತಿಂದು, ಬೈಸಿಕೊಂಡು ಬರುತ್ತಿದ್ದರು.

ಮಳೆ ಹೆಚ್ಚಾದಷ್ಟೂ ಮೇಷ್ಟ್ರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮೊರೆಗಂಡಿಯ ಬಂಡೆ ಅಂಚಿನಲ್ಲಿ, ಕೊಡೆಯಿಲ್ಲದೆ, ಅಂಗಿ ಮೈಗಂಟಿಸಿಕೊಂಡು ಕೂತಿರುತ್ತಿದ್ದರು. ಕೆಳಗೆ ನೀರು ಬಂಡೆಗೆ ಬಡಿಯುವುದು, ಮೇಲೆ ಗಾಳಿ ಮರಗಳನ್ನು ಬಗ್ಗಿಸುವುದು, ಎದುರಿನ ಗೋಡೆಯಿಂದ ಮಾರ್ದನಿ ತಡವಾಗಿ ಬರುವುದು, ಎಲ್ಲವನ್ನೂ ಕೇಳುತ್ತಾ ಬೆರಳುಗಳನ್ನು ಮೊಣಕಾಲ ಮೇಲೆ ಆಡಿಸುತ್ತಿದ್ದರು. ಕಂಡವರು, ಮನುಷ್ಯನಿಗೆ ಏನೋ ಮೆಟ್ಟಿಕೊಂಡಿದೆ ಎಂದರು. ನಾನು ಒಂದು ದಿನ ತಮ್ಮನಿಗೆ ಬುತ್ತಿ ಒಯ್ಯುವಾಗ ಅವರನ್ನು ನೋಡಿದೆ. ಜ್ವರ ಬಂದವರ ಹಾಗೆ ಕಣ್ಣು ಹೊಳೆಯುತ್ತಿತ್ತು. ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದವಳೇ ಜಡೆಯಪ್ಪನ ಎದುರು ಕೂತೆ. "ಮೇಷ್ಟ್ರು ಕಂಡೀನ ಬರೀತಿದಾರೆ ಕಣೋ" ಎಂದೆ.

"ಗೊತ್ತಕ್ಕಾ. ದೋಣೀಲಿ ಕೂತಾಗೆಲ್ಲಾ ಅದೇ ಮಾತು. ಇಲ್ಲಿ ಕೊಂಬು ಬರ್ತದೆ, ಅಲ್ಲಿ ಚೆಲ್ಲೊ ಬರ್ತದೆ ಅಂತ ನಂಗೇ ಪಾಠ ಮಾಡ್ತಾರೆ."

"ನಗ್ತೀಯಲ್ಲೋ! ಆಮೇಲೆ ಮಂಜಿನಲ್ಲಿ ಏನು ಕೇಳ್ಕೊಂಡು ದಾಟಿಸ್ತೀಯ?"

"ಸಭೆಯೋರು ದಡದಲ್ಲಿ ಗಂಟೆ ಕಟ್ಟಿಸಿದಾರಲ್ಲ ಬಿಡು."

"ಆ ಗಂಟೆ ಕೇಳಿದೀಯಾ?"

ಅವನು ಮುದ್ದೆ ಮುರಿದ. ಊರ ಸಭೆಯವರು ಗಂಟೆ ಕಟ್ಟಿಸಿದ್ದೂ ಆಗಿತ್ತು, ಮಂಜಿನ ದಿನ ಹೊಡೆಸಿ ನೋಡಿದ್ದೂ ಆಗಿತ್ತು. ಬಂಡೆಗಳು ಅದರ ಸದ್ದನ್ನು ಅತ್ತಿತ್ತ ಎಸೆದು, ನಾಲ್ಕು ಕಡೆಯಿಂದ ನಾಲ್ಕು ಗಂಟೆ ಹೊಡೆದಂತಾಗಿ, ಹೊಡೆದವನಿಗೇ ದಿಕ್ಕು ತಪ್ಪಿತು. ಸಭೆಯ ಅಧ್ಯಕ್ಷರು ಇನ್ನೂ ದೊಡ್ಡ ಗಂಟೆ ತರಿಸೋಣ ಎಂದರು. ಮೊರೆಗಂಡಿಯ ಸಂಗೀತ ಕೇಳಲು ಹತ್ತೂರಿನ ಜನ ಬರುತ್ತಾರೆ, ಊರಿನ ಹೆಸರು ಮೇಲೆ ಬರುತ್ತದೆ, ಒಂದು ದೋಣಿಗಾಗಿ ಇದನ್ನೆಲ್ಲ ಬಿಡಲಾದೀತೇ ಎಂದು ಸಭೆಯಲ್ಲಿ ಮಾತಾಯಿತಂತೆ. ಆ ಮಾತು ಕೇಳಿ ನನಗೆ ಮೈ ಉರಿಯಿತು. ಆದರೆ ಉರಿದ ಮೈಯನ್ನು ಹೊತ್ತುಕೊಂಡು ನಾನು ಮರುದಿನ ಅಭ್ಯಾಸಕ್ಕೆ ಹೋದೆ.

ಹೋಗದೆ ಇರಬಹುದಿತ್ತು. ಹೋದದ್ದು ಯಾಕೆಂದರೆ, ಅಂಥ ಸಂಗೀತವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಮೊದಲ ಭಾಗದಲ್ಲಿ ಹೊಳೆ ಬಯಲಿನಲ್ಲಿ ಹರಿಯುತ್ತದೆ. ಚೆಲ್ಲೊಗಳು ಆಕಳಿಸುತ್ತಾ ಏಳುತ್ತವೆ. ಎರಡನೆಯದರಲ್ಲಿ ಬಂಡೆಗಳು ಬರುತ್ತವೆ. ಒಂದು ಕೊಂಬು ಕೂಗುತ್ತದೆ, ಬಾಗಿಲ ಹೊರಗೆ ನಿಲ್ಲಿಸಿದ ಇನ್ನೊಂದು ಕೊಂಬು ತಡೆದು ಓಗೊಡುತ್ತದೆ. ಕೊಂಬು ಊದುವ ಸೋಡಾ ಅಂಗಡಿಯ ದಾನಪ್ಪ, "ಇದನ್ನ ಊದುವಾಗ ಕಾಲ್ಕೆಳಗೆ ನೆಲ ಇಲ್ಲ ಅನ್ನಿಸ್ತದೆ ಹೊನ್ನಕ್ಕ" ಎಂದು ಬೆವರು ಒರೆಸಿಕೊಂಡ. ಮೂರನೆಯ ಭಾಗದಲ್ಲಿ ಮಂಜು ಏಳುತ್ತದೆ. ಪಿಟೀಲಿನವರೆಲ್ಲ ಕಮಾನನ್ನು ತಂತಿಯ ಮೇಲೆ ನಡುಗಿಸುತ್ತಾ ಇರುತ್ತಾರೆ, ಅದರ ಕೆಳಗೆ ನನ್ನ ಭೇರಿ ಸಣ್ಣಗೆ ಗುರುಗುಟ್ಟಲು ಶುರುವಾಗಿ ಬೆಳೆಯುತ್ತದೆ, ಬೆಳೆಯುತ್ತದೆ, ಕೊನೆಗೆ ಅರವತ್ತು ಜನರೂ ಒಟ್ಟಿಗೆ ಕಂಡಿಯೊಳಗೆ ಬೀಳುತ್ತೇವೆ. ಆಮೇಲೆ ಪೂರ್ತಿ ಮೌನ. ಆ ಮೌನದ ಕೊನೆಯಲ್ಲಿ, ಒಂಟಿಯಾಗಿ, ಭೇರಿಯ ಒಂದೇ ಪೆಟ್ಟು. ಅಲ್ಲಿಗೆ ಮುಗಿಯಿತು.

ಅಭ್ಯಾಸದಲ್ಲಿ ಆ ಪೆಟ್ಟನ್ನು ಯಾರೂ ಹೊಡೆಯುವುದಿಲ್ಲವಲ್ಲ. ಮೌನದ ಹತ್ತಿರ ಬಂದೊಡನೆ ಮೇಷ್ಟ್ರು ತಾಳ ತೋರಿಸುವ ಬೆತ್ತ ಕೆಳಗಿಟ್ಟು, "ಸಾಕು, ಚಹಾ ಕುಡೀರಿ" ಎನ್ನುತ್ತಿದ್ದರು. ನಾನು ಮಾತ್ರ ಎತ್ತಿದ ಕೋಲನ್ನು ಇಳಿಸಲು ಹೆದರಿ, ಎರಡೂ ಕೈಯಿಂದ ಹಿಡಿದು ಮೆತ್ತೆಯ ಮೇಲೆ ಮಲಗಿಸುತ್ತಿದ್ದೆ. ಕೈಜಾರಿ ಬಿದ್ದರೆ? ನೊಣ ಓಡಿಸಲು ಹೋಗಿ ತಗುಲಿದರೆ? ಅಭ್ಯಾಸ ಮುಗಿದ ಕೂಡಲೇ ಭೇರಿಗಳ ಮೇಲೆ ಎರಡೆರಡು ಕಂಬಳಿ ಹೊದಿಸುತ್ತಿದ್ದೆ. ಮನೆಯಲ್ಲಿ ಒಬ್ಬಟ್ಟಿನ ಹಿಟ್ಟು ನಾದುವಾಗ ಕೂಡ ಕೈ ತಾನೇ ಮೇಲೆದ್ದು ನಿಲ್ಲುತ್ತಿತ್ತು, ಇಳಿಸಲು ಧೈರ್ಯ ಬರುತ್ತಿರಲಿಲ್ಲ.

ಒಂದು ದಿನ ಚಹಾದ ಹೊತ್ತಿನಲ್ಲಿ ಮೇಷ್ಟ್ರ ಹತ್ತಿರ ಹೋದೆ. "ಮೇಷ್ಟ್ರೇ, ಆ ಕೊನೇ ಪೆಟ್ಟೊಂದನ್ನ ಬಿಟ್ಬಿಡಿ. ಮೌನದಲ್ಲೇ ಮುಗೀಲಿ."

ಅವರು ಲೋಟ ಕೆಳಗಿಟ್ಟರು. ಅವರಿಗೆ ಕೋಪ ಬರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಆಗ ಅದು ಮುಗಿಯೋದಿಲ್ಲ ಹೊನ್ನಕ್ಕ, ನಿಲ್ಲುತ್ತೆ ಅಷ್ಟೆ. ನಾನು ಆ ಮೊರೆತ ಕೇಳ್ಕೊಂಡೇ ಹುಟ್ಟಿದೋನು. ಊರು ಬಿಟ್ಟು ಹೋದ್ರೂ ಅದು ಕಿವಿ ಬಿಡ್ಲಿಲ್ಲ. ನಮ್ಮಪ್ಪನ್ನ ತಿಂದ ಸದ್ದು ಅದು. ಅದನ್ನ ಒಂದ್ಸಲ ಪೂರ್ತಿ ಆಚೆಗೆ ಹಾಕದಿದ್ರೆ ನಂಗೆ ನೆಮ್ಮದಿ ಇಲ್ಲ."

"ನಿಮ್ಮ ನೆಮ್ಮದಿಗೆ ನನ್ನ ತಮ್ಮ ಮುಳುಗಬೇಕಾ?"

"ಮಂಜಿದ್ದಾಗ ದೋಣಿ ಹಾಕಬೇಡ ಅನ್ನಿ."

"ಅವನು ಕೇಳ್ತಾನಾ? ಆ ದಡದಲ್ಲಿ ಬಸುರಿ ಹೆಂಗಸು ನಿಂತು ಕೂಗಿದ್ರೆ ಇವನು ಮಂಜು ನೋಡ್ಕೊಂಡು ಕೂರ್ತಾನಾ?"

ಮೇಷ್ಟ್ರು ಉಳಿದ ಚಹಾವನ್ನು ಕಿಟಕಿಯಾಚೆ ಚೆಲ್ಲಿದರು. ಆಮೇಲೆ, "ನೀವು ಬಾರಿಸಲ್ಲ ಅಂದ್ರೆ ಬೇರೆಯವರನ್ನ ಕರೆಸಬೇಕಾಗುತ್ತೆ. ಆದ್ರೆ ನಿಮ್ಮ ಕೈಯಿಂದಲೇ ಆಗ್ಲಿ ಅಂತ ನನ್ನಾಸೆ" ಎಂದರು. ಆ ಮಾತಿಗೆ ನಾನು ಕರಗಬಾರದಿತ್ತು. ಕರಗಿದೆ. ಬೇರೆ ಯಾರೋ ಬಂದು ಆ ಪೆಟ್ಟು ಹೊಡೆಯುವುದನ್ನು ನೆನೆದರೆ ಹೊಟ್ಟೆಯಲ್ಲಿ ಕಿಚ್ಚು ಬಿದ್ದಂತಾಗುತ್ತಿತ್ತು. ಒಂದು ಕಡೆ ತಮ್ಮ, ಇನ್ನೊಂದು ಕಡೆ ಈ ಕಿಚ್ಚು. ಎರಡೂ ನನ್ನವೇ ಆಗಿದ್ದವು.

ಕೊನೆಗೆ ನಾನು ಒಂದೇ ಒಂದು ಕರಾರು ಹಾಕಿದೆ. ಸಂಗೀತ ಕಛೇರಿಯ ದಿನ ಜಡೆಯಪ್ಪ ಮುಂದಿನ ಸಾಲಿನಲ್ಲಿ, ನನಗೆ ಕಾಣುವ ಹಾಗೆ ಕೂತಿರಬೇಕು. ಅವನು ಕಣ್ಣಿಗೆ ಕಂಡರೆ ಬಾರಿಸುತ್ತೇನೆ, ಇಲ್ಲವಾದರೆ ಇಲ್ಲ. ಆಮೇಲಿನ ಮಂಜಿನ ದಿನಗಳನ್ನು ಆಮೇಲೆ ನೋಡಿಕೊಳ್ಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಯಸ್ಥರಿಗೆ ಹೀಗೆ ಇವತ್ತಿನ ಹೆದರಿಕೆಯನ್ನು ನಾಳೆಯ ಮೇಲೆ ಹಾಕುವ ಕಲೆ ಚೆನ್ನಾಗಿ ಬರುತ್ತದೆ. ಮೇಷ್ಟ್ರು ಒಪ್ಪಿ, ಅವನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿದರು. "ಇದು ಅವ್ವನಿಗೆ. ಬರೋದಿಲ್ಲ ಅಂತ ಗೊತ್ತು. ಆದ್ರೂ ಇರಲಿ" ಎಂದರು.

ಕಛೇರಿಯ ದಿನ ಮಧ್ಯಾಹ್ನ ಆಕಾಶ ತೊಳೆದಿಟ್ಟ ಹಾಗಿತ್ತು. ಹತ್ತೂರಿನ ಜನ ಬಂದಿದ್ದರು. ಸೆಕೆಗೆ ಶಾಲೆಯ ಕಿಟಕಿಗಳನ್ನೆಲ್ಲ ತೆಗೆದಿದ್ದರು. ಹೊಳೆಯ ಕಡೆಯ ಕಿಟಕಿಗಳಿಂದ ಕಂಡಿಯ ಮೊರೆತ ಸಣ್ಣಗೆ ಒಳಗೆ ಬರುತ್ತಿತ್ತು. ಕೊನೆಯ ಸಲ ಕೇಳಿಬಿಡೋಣ ಎಂದು ಕೆಲವರು ಬೆಳಿಗ್ಗೆಯೇ ಬಂಡೆಯ ಹತ್ತಿರ ಹೋಗಿ ಬಂದಿದ್ದರಂತೆ. ಜಡೆಯಪ್ಪ ಮದುವೆಗೆ ಹೊಲಿಸಿದ್ದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತು ನನಗೆ ಹುಬ್ಬು ಕುಣಿಸಿದ. ಆ ಮದುವೆ ಮುರಿದುಬಿದ್ದಿತ್ತು, ಅಂಗಿ ಮಾತ್ರ ಉಳಿದಿತ್ತು. ಪಕ್ಕದ ಕುರ್ಚಿ ಖಾಲಿ.

ಮೊದಲ ಭಾಗ ಸಲೀಸಾಗಿ ಹರಿಯಿತು. ಎರಡನೆಯದರಲ್ಲಿ ದಾನಪ್ಪನ ಕೊಂಬಿಗೆ ಹೊರಗಿನ ಕೊಂಬು ಓಗೊಟ್ಟಾಗ ಜನ ತಿರುಗಿ ತಿರುಗಿ ನೋಡಿದರು. ಅದು ಮುಗಿದು, ಪಿಟೀಲಿನವರು ಶ್ರುತಿ ಮಾಡಿಕೊಳ್ಳುತ್ತಿದ್ದಾಗ ಬಾಗಿಲ ಕಾವಲಿನವನು ಬಗ್ಗಿಕೊಂಡು ಬಂದು ಜಡೆಯಪ್ಪನ ಕಿವಿಯಲ್ಲಿ ಏನೋ ಹೇಳಿದ. ಜಡೆಯಪ್ಪ ಎದ್ದು ನೇರ ವೇದಿಕೆಯ ಹತ್ತಿರ ಬಂದ.

"ಮೇಷ್ಟ್ರೇ, ಹಾಲವ್ವ ಆ ದಡದಲ್ಲಿ ನಿಂತು ಕೂಗ್ತಾ ಇದಾರಂತೆ. ಮಗನ ಸಂಗೀತ ಕೇಳ್ಬೇಕಂತೆ."

ಮೇಷ್ಟ್ರ ಮುಖ ಅರಳಿತು. ಸಂತೆಗೆ ಹೋದ ತಾಯಿ ದೂರದಲ್ಲಿ ಕಂಡಾಗ ಮಕ್ಕಳ ಮುಖ ಆಗುವಂತೆ. "ಅವ್ವ? ದೋಣೀಲಿ ಬರ್ತಾಳಂತಾ?"

"ಕರ್ಕೊಂಡ್ ಬಂದೇಬಿಡ್ತೀನಿ. ಬಿಸಿಲಿದೆ, ಎಷ್ಟೊತ್ತಾಗ್ತದೆ?" ಎಂದವನು ಹಿಂದೆ ನಿಂತಿದ್ದ ನನ್ನ ಕಡೆ ನೋಡಿ ದನಿ ಎತ್ತರಿಸಿದ. "ಅಕ್ಕಾ, ಹೆದರ್ಕೊಂಡು ಕೂರ್ಬೇಡ. ನೀನು ಕೊನೇದು ಹೊಡೆಯೋದ್ರೊಳಗೆ ಇಲ್ಲಿರ್ತೀನಿ."

ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಬಾಗಿಲು ದಾಟಿದ್ದ. ಮೇಷ್ಟ್ರು ಬೆತ್ತ ಹಿಡಿದು ಕಾದರು. ಜನ ಕೆಮ್ಮಿದರು, ಬೀಸಣಿಗೆ ಬೀಸಿದರು, ಮಕ್ಕಳು ಕುಯ್‌ಗುಟ್ಟಿದವು. ಮುಂದಿನ ಸಾಲಿನಲ್ಲಿದ್ದ ಸಭೆಯ ಅಧ್ಯಕ್ಷರು ಗಡಿಯಾರ ನೋಡಿಕೊಂಡು ಕೈಸನ್ನೆ ಮಾಡಿದರು. ಮೂರನೆಯ ಭಾಗ ಉದ್ದವಾದದ್ದು, ಅಷ್ಟರಲ್ಲಿ ಬಂದುಬಿಡುತ್ತಾರೆ ಎಂದು ಮೇಷ್ಟ್ರೂ ಅಂದುಕೊಂಡಿರಬೇಕು. ಬೆತ್ತ ಎತ್ತಿದರು.

ಪಿಟೀಲುಗಳು ನಡುಗತೊಡಗಿದವು. ನಾನು ನನ್ನ ಸರದಿಗೆ ಕಾಯುತ್ತಾ ಕಿಟಕಿಯ ಕಡೆ ನೋಡಿದೆ. ಮೊದಲು ಹೊಳೆಯಂಚಿನ ಹೊಂಗೆ ಮರದ ಬುಡ ಕಾಣದಾಯಿತು. ಕಣ್ಣು ಉಜ್ಜಿಕೊಂಡೆ. ಆಮೇಲೆ ಇಡೀ ಮರ ಕಾಣದಾಯಿತು. ಮಂಜು ಆತುರವಿಲ್ಲದೆ ಏರಿ ಬಂದು ಕಿಟಕಿಯ ಸರಳುಗಳೊಳಗೆ ಕೈಹಾಕಿತು. ಪಿಟೀಲಿನವರು ಮಂಜನ್ನು ನುಡಿಸುತ್ತಿದ್ದರು, ಮಂಜು ಅವರ ಮಂಡಿಯವರೆಗೆ ಬಂದಿತ್ತು. ಜನರಿಗೆ ಮೈ ಜುಮ್ಮೆಂದಿತು. ಆಹಾ ಎಂಬ ಉದ್ಗಾರ ಸಾಲಿನಿಂದ ಸಾಲಿಗೆ ಹೋಯಿತು. ನನಗೆ ಮಾತ್ರ ಎರಡು ಖಾಲಿ ಕುರ್ಚಿಗಳು ಕಾಣುತ್ತಿದ್ದವು.

ನನ್ನ ಸರದಿ ಬಂತು, ಬಾರಿಸಿದೆ. ಸಣ್ಣಗೆ ಶುರುಮಾಡಿ ಬೆಳೆಸಬೇಕಿತ್ತು. ಕೈ ತನ್ನ ಕೆಲಸ ಮಾಡುತ್ತಿತ್ತು, ತಲೆ ದೋಣಿಯಲ್ಲಿತ್ತು. ಈಗ ಅವನು ಆಚೆ ದಡ ಬಿಟ್ಟಿರಬೇಕು. ಮೊರೆತ ಎಡಗಿವಿಗೆ. ಈಗ ನಡುಹೊಳೆ. ಹಾಲವ್ವ ದೋಣಿಯಂಚು ಹಿಡಿದು ಕಣ್ಣು ಮುಚ್ಚಿಕೊಂಡಿರಬೇಕು. ನನ್ನ ಭೇರಿ ಜೋರಾದಷ್ಟೂ ಹೊರಗಿನ ಮೊರೆತ ನನಗೆ ಕೇಳದಾಗುತ್ತಿತ್ತು. ಅವನಿಗೆ ಕೇಳುತ್ತಿದೆಯೋ ಇಲ್ಲವೋ. ದೇವರೇ, ಬೇಗ ಬಾರೋ, ಬೇಗ ಬಾರೋ ಎಂದು ಪೆಟ್ಟಿಗೊಂದು ಸಲ ಅನ್ನುತ್ತಾ ಬಾರಿಸಿದೆ. ಆ ದಿನ ನಾನು ಬಾರಿಸಿದಂತೆ ಹಿಂದೆಂದೂ ಬಾರಿಸಿರಲಿಲ್ಲ ಎಂದು ಆಮೇಲೆ ದಾನಪ್ಪ ಹೇಳಿದ. ಅದು ಹೊಗಳಿಕೆಯಾಗಿ ನನ್ನ ಕಿವಿಗೆ ಬೀಳಲಿಲ್ಲ.

ಅರವತ್ತು ಜನರೂ ಒಟ್ಟಿಗೆ ಕಂಡಿಯೊಳಗೆ ಬಿದ್ದೆವು. ಮೌನ ಬಂತು.

ಮೇಷ್ಟ್ರ ಬೆತ್ತ ಮೇಲೆ ನಿಂತಿತ್ತು. ನನ್ನ ಕೋಲು ಮೇಲೆ ನಿಂತಿತ್ತು. ನಾಲ್ಕು ಎಣಿಕೆಯಷ್ಟು ಮೌನ, ಆಮೇಲೆ ಬೆತ್ತ ಕೆಳಗೆ, ಅದರ ಜೊತೆಗೆ ನನ್ನ ಪೆಟ್ಟು. ಬರೆದದ್ದು ಹಾಗೆ. ನಾನು ಕುರ್ಚಿಗಳ ಕಡೆ ನೋಡಿದೆ. ಖಾಲಿ. ಹೊಡೆಯುವುದಿಲ್ಲ ಎಂದು ಹಲ್ಲು ಕಚ್ಚಿದೆ. ಬೆತ್ತ ಇಳಿಯಲಿ, ಊರೇ ಎದ್ದು ಬಂದು ನನ್ನ ಕತ್ತು ಹಿಡಿಯಲಿ, ಹೊಡೆಯುವುದಿಲ್ಲ. ಹೀಗೆ ಗಟ್ಟಿ ಮಾಡಿಕೊಂಡು ಮೇಷ್ಟ್ರ ಮುಖ ನೋಡಿದರೆ, ಅವರ ಕಣ್ಣೂ ಆ ಕುರ್ಚಿಗಳ ಮೇಲೇ ಇತ್ತು.

ನಾಲ್ಕು ಎಣಿಕೆ ಆಯಿತು. ಎಂಟಾಯಿತು. ಬೆತ್ತ ಇಳಿಯಲಿಲ್ಲ.

ಚಪ್ಪಾಳೆ ತಟ್ಟಲು ಕೈ ಎತ್ತಿದವರು ಹಾಗೇ ಉಳಿದರು. ನಮ್ಮೂರಲ್ಲಿ ಕೊನೆಯ ಸ್ವರ ಬರುವವರೆಗೆ ಕಛೇರಿ ಮುಗಿದ ಹಾಗಲ್ಲ, ಚಪ್ಪಾಳೆ ತಟ್ಟುವ ಹಾಗಿಲ್ಲ, ಏಳುವ ಹಾಗೂ ಇಲ್ಲ. ಆ ಮೌನದೊಳಗೆ, ತೆರೆದ ಕಿಟಕಿಗಳಿಂದ, ಮೊರೆಗಂಡಿಯ ಸದ್ದು ಒಳಗೆ ಬರುತ್ತಲೇ ಇತ್ತು. ಅರವತ್ತು ವಾದ್ಯಗಳು ಬಾಯಿ ಮುಚ್ಚಿದ ಮೇಲೆ ಅದು ಎಷ್ಟು ದೊಡ್ಡದಾಗಿ ಕೇಳಿತೆಂದರೆ, ಪರವೂರಿನವರು, ಯಾರೋ ಎಲ್ಲೋ ಬಾರಿಸುತ್ತಿದ್ದಾರೆಂದು ಹುಡುಕಿದರು. ನಾವು ಊರಿನವರು ಹುಡುಕಲಿಲ್ಲ. ದಿನಾ ಕಿವಿಯ ಮೇಲೆ ಬೀಳುತ್ತಿದ್ದ ಅದನ್ನು ನಮ್ಮಲ್ಲಿ ಹೆಚ್ಚಿನವರು ಕೂತು ಕೇಳಿದ್ದು ಅದೇ ಮೊದಲು. ದೋಣಿ ಇನ್ನೂ ಮಂಜಿನಲ್ಲಿದೆ ಎಂದು ಒಬ್ಬಿಬ್ಬರಿಗೆ ಹೊಳೆಯಿತು. ಎರಡು ಖಾಲಿ ಕುರ್ಚಿಗಳನ್ನು ನೋಡಿದರು, ಪಕ್ಕದವರಿಗೆ ತೋರಿಸಿದರು. ಸ್ವಲ್ಪ ಹೊತ್ತಿಗೆ ಇಡೀ ಶಾಲೆ ಆ ಕುರ್ಚಿಗಳನ್ನೇ ನೋಡುತ್ತಿತ್ತು. ಅಧ್ಯಕ್ಷರು ಕೂಡ ಗಡಿಯಾರ ನೋಡುವುದನ್ನು ಬಿಟ್ಟರು.

ನನ್ನ ತೋಳು ಸೋತು ಹೋಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡೆ. ಮುಂದೆ ಕೂತ ಚೆಲ್ಲೊದವರು ಮೆಲ್ಲಗೆ ಹಿಂದೆ ಸರಿದು, ಕೋಲು ಜಾರಿದರೂ ಭೇರಿಗೆ ಬೀಳದಂತೆ ಅದರ ಮೇಲೆ ತಮ್ಮ ಶಾಲು ಹಾಸಿದರು. ನನಗೆ ಅಳು ಬಂತು, ಒರೆಸಿಕೊಳ್ಳಲು ಕೈ ಇರಲಿಲ್ಲ.

ಎಷ್ಟು ಹೊತ್ತು ಹಾಗೆ ಇದ್ದೆವೋ ನನಗೆ ಹೇಳಲು ಬರುವುದಿಲ್ಲ. ಬಾಗಿಲಲ್ಲಿ ಸದ್ದಾಯಿತು. ಮಂಜಿನ ಜೊತೆಯಲ್ಲೇ ಒಳಗೆ ಬಂದವರು ಇಬ್ಬರು. ಮದುವೆಯ ಅಂಗಿ ಒದ್ದೆ ಮುದ್ದೆಯಾಗಿದ್ದ ನನ್ನ ತಮ್ಮ, ಅವನ ತೋಳು ಹಿಡಿದುಕೊಂಡು ಸಣ್ಣಗೆ ನಡುಗುತ್ತಾ ಒಬ್ಬ ಮುದುಕಿ. ಇಡೀ ಸಭೆ ತನ್ನನ್ನೇ ನೋಡುತ್ತಿರುವುದು ಹಾಲವ್ವನಿಗೆ ಗೊತ್ತಾಗಲಿಲ್ಲ. ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತು, ಸೆರಗು ಹಿಂಡಿಕೊಂಡು, ಗಟ್ಟಿಯಾಗಿ ಕೇಳಿದರು:

"ಯಾಕೋ ರುದ್ರಾ, ಇನ್ನೂ ಶುರು ಆಗಿಲ್ವಾ?"

ಯಾರೂ ನಗಲಿಲ್ಲ. ಜಡೆಯಪ್ಪ ಅವರ ಕಿವಿಯ ಹತ್ತಿರ ಬಗ್ಗಿ, "ಮುಗೀತಾ ಬಂತವ್ವ" ಎಂದ. ಆಮೇಲೆ ನನ್ನ ಕಡೆ ನೋಡಿ ತಲೆಯಾಡಿಸಿದ. ಬಂದೆನಲ್ಲ, ಇನ್ನು ಹೊಡಿ ಎನ್ನುವಂತೆ.

ಇಬ್ಬರೂ ಕಣ್ಣೆದುರಿಗೆ ಕೂತಿದ್ದರು. ನನ್ನ ಕರಾರು ಪೂರೈಸಿತ್ತು. ಎಲ್ಲರೂ ಈಗ ಮೇಷ್ಟ್ರನ್ನು ನೋಡಿದರು. ಹಾಲವ್ವ ಚಳಿಗೆ ಕೈ ಉಜ್ಜಿಕೊಳ್ಳುತ್ತಾ ಜಡೆಯಪ್ಪನಿಗೆ ಹೇಳುತ್ತಿದ್ದುದು ನನಗೂ ಕೇಳಿತು. "ಏನು ಮೊರೆತನಪ್ಪಾ ಅದು. ಇಷ್ಟು ವರ್ಷ ಕೇಳಿದ್ರೆ ನನ್ನ ಎದೆ ನಿಂತುಹೋಗ್ತಿತ್ತು. ಇವತ್ತು ಮಂಜಿನೊಳಗೆ ಅದೊಂದೇ ನಂಗೆ ಧೈರ್ಯ ನೋಡು. ಕತ್ತಲಾಗೋದ್ರೊಳಗೆ ನನ್ನ ವಾಪಸ್ ಬಿಡ್ತೀಯಲ್ಲ?"

ಮೇಷ್ಟ್ರು ತಾಯಿಯನ್ನು ನೋಡಿದರು. ಆಮೇಲೆ ಕಿಟಕಿಯನ್ನು. ಆಮೇಲೆ ನನ್ನನ್ನು. ಬೆತ್ತವನ್ನು ಮೇಲಿನಿಂದ ಕೆಳಗೆ ಇಳಿಸಲಿಲ್ಲ. ಪಕ್ಕಕ್ಕೆ ತಂದು, ಮೊಟ್ಟೆಯನ್ನು ಕೆಳಗಿಡುವವರಂತೆ ಜೋಪಾನವಾಗಿ, ಸದ್ದಾಗದಂತೆ, ಸಂಗೀತದ ಪುಟದ ಮೇಲೆ ಮಲಗಿಸಿದರು. ನಾನು ನನ್ನ ಕೋಲನ್ನು ಶಾಲಿನ ಮೇಲೆ ಮಲಗಿಸಿದೆ. ಆ ಎರಡು ಕೈಗಳಲ್ಲಿ ಮೊದಲು ಮನಸ್ಸು ಬದಲಿಸಿದ್ದು ಯಾವುದು ಎಂದು ಜನ ಈಗಲೂ ಚಹಾದಂಗಡಿಯಲ್ಲಿ ವಾದ ಮಾಡುತ್ತಾರೆ. ನನ್ನನ್ನು ಕೇಳಿದರೆ ಹೇಳಲು ಬರುವುದಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಮುಗಿಯದ ಕಛೇರಿಯಿಂದ ಏಳುವುದು ಹೇಗೆಂದು ನಮಗೆ ಗೊತ್ತಿರಲಿಲ್ಲ. ಕೊನೆಗೆ ಹಾಲವ್ವನೇ ಎದ್ದು, "ಚೆನ್ನಾಗಿತ್ತು ಕಣೋ, ಎಲ್ಲಾ ದಾರೀಲೇ ಕೇಳಿದೆ" ಎಂದು ಮಗನ ಗಲ್ಲ ಸವರಿ, ಜಡೆಯಪ್ಪನ ತೋಳು ಹಿಡಿದು ಹೊರಟರು. ಅವರ ಹಿಂದೆ ಮೇಷ್ಟ್ರು. ಅವರ ಹಿಂದೆ ಒಬ್ಬೊಬ್ಬರಾಗಿ ಊರು. ಮಂಜಿನಲ್ಲಿ ದಡದವರೆಗೂ ಹೋಗಿ ನಿಂತೆವು. ದೋಣಿ ಕಾಣದಾದ ಮೇಲೂ ಹುಟ್ಟಿನ ಸದ್ದು ಸ್ವಲ್ಪ ದೂರ ಬಂತು, ಆಮೇಲೆ ಬರೀ ಮೊರೆತ. ಆಚೆ ದಡದಿಂದ ಜಡೆಯಪ್ಪನ ಕೂಗು ಕೇಳುವವರೆಗೆ ಯಾರೂ ಕದಲಲಿಲ್ಲ.

ಆ ಕಛೇರಿ ಇನ್ನೂ ಮುಗಿದಿಲ್ಲ. ಸಂಗೀತಶಾಲೆಯ ಕಿಟಕಿಗಳನ್ನು ಯಾರೂ ಮುಚ್ಚುವುದಿಲ್ಲ. ಮೇಷ್ಟ್ರು ಬೇರೆ ಏನನ್ನೂ ಬರೆದಿಲ್ಲ, ವಾರಕ್ಕೆರಡು ಸಲ ತಾಯಿಯ ಮನೆಗೆ ಹೋಗುತ್ತಾರೆ, ಬರುವಾಗ ನಮ್ಮ ಮನೆಯ ಮುಂದೆ ಒಂದು ಗಳಿಗೆ ನಿಂತು, "ಹೊನ್ನಕ್ಕ, ಕೈ ಹೇಗಿದೆ?" ಎಂದು ಕೇಳುತ್ತಾರೆ. ಕೇಳುವಾಗ ಅವರ ಕಣ್ಣಲ್ಲಿ ಅದೇ ಜ್ವರ ಒಮ್ಮೊಮ್ಮೆ ಮಿಂಚುತ್ತದೆ. ನನಗೂ ಹಾಗೇ. ಸುಳ್ಳು ಯಾಕೆ ಹೇಳಲಿ, ಆ ಪೆಟ್ಟು ಹೇಗೆ ಕೇಳಿಸುತ್ತಿತ್ತೋ ಎಂಬ ಆಸೆ ಸತ್ತಿಲ್ಲ. ಅದಕ್ಕೇ ಭೇರಿಯ ಚರ್ಮ ಸಡಿಲಿಸಿ, ಮೇಲೆ ಹತ್ತಿಯ ಹಾಸಿಗೆ ಕಟ್ಟಿ, ಕೋಲನ್ನು ಮನೆಗೆ ತಂದಿಟ್ಟುಕೊಂಡಿದ್ದೇನೆ. ಇವತ್ತು ಬೆಳಿಗ್ಗೆಯಿಂದ ಮಂಜು. ಜಡೆಯಪ್ಪ ಯಾರನ್ನೋ ಕರೆತರಲು ಆಚೆಗೆ ಹೋಗಿದ್ದಾನೆ. ಹೊಸ್ತಿಲ ಮೇಲೆ ಕೂತು ಕಂಡಿಯನ್ನೇ ಕೇಳುತ್ತಿದ್ದೇನೆ, ಬಲಗೈಯನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು.